ಕಡಿತ ಮಾಡಿದ ಹಣ ಎಲ್ಲಿ ಹೋಯಿತು? ಪ್ರವಾಸಕ್ಕೆಂದು ಉಳಿಸಲು ಹೊರಟ ಒಂದು ಮನೆಯ ಪ್ರಕರಣ

ಹಿನ್ನೆಲೆ

ಇಬ್ಬರೂ ಸಂಬಳದ ಕೆಲಸದಲ್ಲಿರುವ ದಂಪತಿ, ಪ್ರಾಥಮಿಕ ಶಾಲೆಗೆ ಹೋಗುವ ಒಂದು ಮಗು, ಬಾಡಿಗೆ ಮನೆ, ಕಂತು ಇನ್ನೂ ತೀರದ ಒಂದು ಕಾರು. ಒಂದು ವರ್ಷ ಹಣ ಕೂಡಿಸಿ, ಶಾಲೆಯ ದೊಡ್ಡ ರಜೆಯಲ್ಲಿ ಮೂವರೂ ಹತ್ತು ದಿನದ ವಿದೇಶ ಪ್ರವಾಸ ಮಾಡಿ ಬರಬೇಕು, ಅದಕ್ಕೆ ಸಾಲ ಮಾಡಬಾರದು ಎಂಬುದು ಅವರ ಗುರಿ.

ಗುರುತು ಸಿಗಬಾರದೆಂದು ಹೆಸರು, ಊರು, ಕೆಲಸ ಯಾವುದನ್ನೂ ಇಲ್ಲಿ ಹೇಳಿಲ್ಲ. ಮೊತ್ತಗಳನ್ನು ಪಾಲುಗಳಲ್ಲಿ ಕೊಟ್ಟಿದೆ: ಇಬ್ಬರ ಸಂಬಳ ಸೇರಿ ತಿಂಗಳಿಗೆ ಕೈಗೆ ಬರುವುದು 1000 ಪಾಲು ಎಂದುಕೊಳ್ಳಿ. ಹೀಗಿದ್ದರೆ ಓದುವವರು ತಮ್ಮ ಆದಾಯಕ್ಕೆ ಹೊಂದಿಸಿ ನೋಡುವುದೂ ಸುಲಭ.

ಮೂರು ತಿಂಗಳ ಬ್ಯಾಂಕ್ ಮತ್ತು ಕಾರ್ಡ್ ಸ್ಟೇಟ್‌ಮೆಂಟ್ ಇಟ್ಟುಕೊಂಡು ಸರಾಸರಿ ತೆಗೆದಾಗ ಸಿಕ್ಕ ಚಿತ್ರ ಇದು. ಬಾಡಿಗೆ 260, ಕಾರಿನ ಕಂತು 110, ಶಾಲೆ 80, ವಿಮೆ ಮತ್ತು ದೀರ್ಘಾವಧಿ ಉಳಿತಾಯ 100. ಈ ನಾಲ್ಕೇ 550 ಆಯಿತು. ಮಿಕ್ಕಿದ್ದರಲ್ಲಿ ದಿನಸಿ ಮತ್ತು ಮನೆಬಳಕೆಯ ವಸ್ತು 150, ಹೊರಗಿನ ಊಟ ಮತ್ತು ಆರ್ಡರ್ 72, ಓಡಾಟ 62, ಬಟ್ಟೆ–ಆಟಿಕೆ–ಮನೆ ಸಾಮಾನು 48, ವಿದ್ಯುತ್–ಗ್ಯಾಸ್–ನೀರು 38, ಫೋನ್–ಇಂಟರ್ನೆಟ್–ಚಂದಾ 34, ಯಾವುದೆಂದು ಹೇಳಲಾಗದ ಚಿಲ್ಲರೆ ಖರ್ಚು 46. ಒಟ್ಟು ಸರಿಯಾಗಿ 1000. ತಿಂಗಳ ಕೊನೆಗೆ ಏನೂ ಉಳಿಯುತ್ತಿರಲಿಲ್ಲ, ಆದರೆ ಸಾಲವೂ ಬೆಳೆಯುತ್ತಿರಲಿಲ್ಲ. ಇದಲ್ಲದೆ ಎರಡು ತಿಂಗಳ ಖರ್ಚಿನಷ್ಟು ತುರ್ತು ನಿಧಿ ಬೇರೆ ಇತ್ತು. ಪ್ರವಾಸಕ್ಕಾಗಿ ಅದನ್ನು ಮುಟ್ಟುವುದಿಲ್ಲ ಎಂದು ಮೊದಲ ದಿನವೇ ತೀರ್ಮಾನಿಸಿದ್ದರು. ಈ ತೀರ್ಮಾನ ಕೊನೆಯವರೆಗೂ ಉಳಿಯಿತು.

ಪ್ರವಾಸದ ಅಂದಾಜು 1440 ಪಾಲು: ವಿಮಾನ ಟಿಕೆಟ್ 560, ವಸತಿ 380, ಊಟ 180, ಅಲ್ಲಿನ ಓಡಾಟ 90, ಪ್ರವೇಶ ಶುಲ್ಕಗಳು 70, ವೀಸಾ–ವಿಮೆ–ದಾಖಲೆ 60, ಕೈಕಾವಲಿಗೆ, ಅಂದರೆ ಅನಿರೀಕ್ಷಿತ ಖರ್ಚಿಗೆ, 100. ಎಂಟನೇ ತಿಂಗಳಲ್ಲಿ ಸುಮಾರು 360 ಪಾಲು ಬೋನಸ್ ಬರುತ್ತದೆ, ಉಳಿದ 1080ನ್ನು ತಿಂಗಳಿಗೆ 90ರಂತೆ ಹನ್ನೆರಡು ತಿಂಗಳು ಕೂಡಿಸಿದರೆ ಆಯಿತು ಎಂದು ಲೆಕ್ಕ ಹಾಕಿದರು. ಕಾಗದದ ಮೇಲೆ ಈ ಲೆಕ್ಕದಲ್ಲಿ ತಪ್ಪೇನೂ ಕಾಣುವುದಿಲ್ಲ.

ಮೊದಲ ಮೂರು ತಿಂಗಳು

ಮೊದಲ ತಿಂಗಳು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಹೊರಗಿನ ಊಟ ಪೂರ್ತಿ ಬಂದ್, ಆರ್ಡರ್ ಬಂದ್, ಕೆಲಸದ ನಡುವಿನ ಕಾಫಿ ಬಂದ್. ಬಿಟ್ಟಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಕೂಡಿಸಿದರೆ 60 ಪಾಲು ಉಳಿದಿರಬೇಕಿತ್ತು. ಖಾತೆಯಲ್ಲಿ ಹೆಚ್ಚಾಗಿ ಉಳಿದದ್ದು 11 ಮಾತ್ರ. ಉಳಿದ 49ರ ಬೆನ್ನು ಹತ್ತಿ ಹೋದಾಗ ದಿನಸಿ ಬಿಲ್ 21 ಪಾಲು ಏರಿತ್ತು. ಹೊರಗೆ ತಿನ್ನದ ಬೇಸರಕ್ಕೆ ಮನೆಗೆ ಕುರುಕಲು, ಸಿದ್ಧ ತಿನಿಸಿನ ಪೊಟ್ಟಣಗಳು ಬಂದಿದ್ದವು. ಅಗ್ಗವಾಗುತ್ತದೆಂದು ತಂದ ದೊಡ್ಡ ಪ್ಯಾಕ್‌ಗಳೂ ಇದ್ದವು. ಇನ್ನು 28 ಪಾಲು ಆನ್‌ಲೈನ್ ಖರೀದಿಗೆ ಹೋಗಿತ್ತು. ಖಾತೆಯಲ್ಲಿ ಹಣ ಎಂದಿಗಿಂತ ಹೆಚ್ಚು ಕಂಡಿದ್ದೇ ಅದಕ್ಕೆ ಕಾರಣ.

ಪ್ರಕರಣದ ಒಂದು ಎಳೆ ಇಲ್ಲಿಯೇ ಸಿಗುತ್ತದೆ. ಒಂದು ಕಡೆ ಬಿಟ್ಟ ಹಣ ಅದೇ ಖಾತೆಯಲ್ಲಿ ಕುಳಿತಿದ್ದರೆ ಅದು ಉಳಿತಾಯವಲ್ಲ, ಇನ್ನೂ ಖರ್ಚಾಗದ ಹಣ ಅಷ್ಟೆ. ಜನ ಹಣವನ್ನು ಮನಸ್ಸಿನಲ್ಲೇ ಬೇರೆ ಬೇರೆ ಗಂಟುಗಳಾಗಿ ಕಟ್ಟಿಕೊಳ್ಳುತ್ತಾರೆ, ಯಾವ ಗಂಟಿನದು ಎಂಬುದರ ಮೇಲೆ ಖರ್ಚು ಮಾಡುವ ರೀತಿಯೂ ಬದಲಾಗುತ್ತದೆ ಎಂದು ವಿವರಿಸಿದವರು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್. ನಡವಳಿಕೆಯ ಅರ್ಥಶಾಸ್ತ್ರದ ಕೆಲಸಕ್ಕಾಗಿ ಅವರಿಗೆ 2017ರಲ್ಲಿ ನೊಬೆಲ್ ಬಂತು. ಈ ಮನೆಯಲ್ಲಿ ‘ಪ್ರವಾಸದ ಹಣ’ ಎಂಬ ಗಂಟೇ ಇನ್ನೂ ಹುಟ್ಟಿರಲಿಲ್ಲ.

ಎರಡನೇ ತಿಂಗಳು ಅದನ್ನು ಸರಿಪಡಿಸಿದರು. ಸಂಬಳ ಬಂದ ದಿನವೇ 90 ಪಾಲು ಬೇರೆ ಖಾತೆಗೆ ತಾನಾಗಿ ಹೋಗುವಂತೆ ಮಾಡಿದರು. ಅದು ಸರಿಯಾದ ಹೆಜ್ಜೆಯೇ. ಆದರೆ ಆ 90 ಯಾವ ಖರ್ಚಿನಿಂದ ಕಡಿಮೆಯಾಗಬೇಕು ಎಂದು ಯಾರೂ ಗೊತ್ತುಮಾಡಲಿಲ್ಲ. 24ನೇ ತಾರೀಖಿಗೆ ಖಾತೆ ಖಾಲಿ. ಉಳಿದ ದಿನಗಳ ದಿನಸಿ, ಪೆಟ್ರೋಲ್ ಎಲ್ಲ ಕ್ರೆಡಿಟ್ ಕಾರ್ಡಿಗೆ ಬಿತ್ತು, ಒಟ್ಟು 37 ಪಾಲು. ಪ್ರವಾಸ ಖಾತೆಗೆ ಆ ತಿಂಗಳು 90 ಹೋಗಿದ್ದರೂ ನಿಜವಾಗಿ ಉಳಿದದ್ದು 53. ಉಳಿತಾಯ ಖಾತೆಯೊಂದನ್ನೇ ನೋಡಿಕೊಂಡು ಖುಷಿಪಡುವವರು ಕಾರ್ಡಿನ ಬಾಕಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಕಾರ್ಡಿನಲ್ಲಿ ಕೈ ಸಡಿಲವಾಗುವುದು ಬರೀ ಅನುಭವದ ಮಾತಲ್ಲ: ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಪಂದ್ಯದ ಟಿಕೆಟ್‌ಗೆ ಕಾರ್ಡಿನಲ್ಲಿ ಕೊಡುವವರು ನಗದು ಕೊಡುವವರಿಗಿಂತ ಬಹಳ ಹೆಚ್ಚು ಬೆಲೆ ಕೂಗಿದ್ದರು.

ಮೂರನೇ ತಿಂಗಳು ಕಾರಿನ ವಾರ್ಷಿಕ ವಿಮೆ 78 ಪಾಲು, ಸರ್ವೀಸ್ 30 ಪಾಲು ಒಟ್ಟಿಗೇ ಬಂದವು. ಹಿಂದಿನ ತಿಂಗಳ ಕಾರ್ಡ್ ಬಾಕಿ 37 ಬೇರೆ. ಮೂರೂ ಸೇರಿ 145 ಪಾಲನ್ನು ಪ್ರವಾಸ ಖಾತೆಯಿಂದಲೇ ತೆಗೆದರು. ಅಲ್ಲಿ 11, 90, 90 ಸೇರಿ 191 ಇತ್ತು, ಉಳಿದದ್ದು 46. ವರ್ಷದ ಕಾಲುಭಾಗ ಕಳೆದಿತ್ತು, ಗುರಿಯ ನೂರಕ್ಕೆ ಮೂರರಷ್ಟು ಮಾತ್ರ ಕೈಯಲ್ಲಿತ್ತು.

ತಿರುವು

ಆ ವಾರ ಮನೆಯಲ್ಲಿ ಎರಡು ಮಾತು ಬಂದವು. “ಇನ್ನೇನು ಬಿಡೋದು, ಎಲ್ಲಾ ಬಿಟ್ಟಾಯ್ತಲ್ಲ” ಎಂದು ಪತ್ನಿ. ಪ್ರವಾಸಕ್ಕೆ ಸಾಲ ತೆಗೆದು ಬಂದ ಮೇಲೆ ಕಂತು ಕಟ್ಟೋಣ ಎಂದು ಪತಿ. ಎರಡನೆಯದನ್ನು ಅಲ್ಲಗಳೆಯುವ ಬದಲು ಲೆಕ್ಕ ಹಾಕಿ ನೋಡಿದ್ದು ಒಳ್ಳೆಯದಾಯಿತು. 1440 ಪಾಲಿನ ಸಾಲ, ವಾರ್ಷಿಕ 15% ಬಡ್ಡಿ, ಹನ್ನೆರಡು ಕಂತು ಎಂದು ಹಿಡಿದರೆ ತಿಂಗಳ ಕಂತು ಸುಮಾರು 130 ಪಾಲು, ಒಟ್ಟು ಬಡ್ಡಿ 120. ತಿಂಗಳಿಗೆ 90 ಹೊಂದಿಸಲಾಗದ ಮನೆ ಪ್ರವಾಸ ಮುಗಿಸಿ ಬಂದ ಮೇಲೆ 130 ಎಲ್ಲಿಂದ ತರುತ್ತದೆ? ಈ ಒಂದು ಪ್ರಶ್ನೆಗೆ ಸಾಲದ ಮಾತು ಅಲ್ಲಿಗೇ ನಿಂತಿತು.

ಆಮೇಲೆ ಮಾಡಿದ ಕೆಲಸವೇ ಇಡೀ ಪ್ರಕರಣದ ತಿರುಳು. ಮೂರು ತಿಂಗಳ ಬದಲು ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ತೆಗೆದು, ಪ್ರತಿ ತಿಂಗಳೂ ಬಾರದ ಆದರೆ ಪ್ರತಿ ವರ್ಷ ಬಂದೇ ಬರುವ ಬಿಲ್‌ಗಳನ್ನು ಮಾತ್ರ ಗುರುತು ಮಾಡಿದರು. ಕಾರು ವಿಮೆ 78, ವರ್ಷಕ್ಕೆರಡು ಸರ್ವೀಸ್ 60, ಶಾಲೆಯ ವಾರ್ಷಿಕ ಶುಲ್ಕ–ಪುಸ್ತಕ–ಸಮವಸ್ತ್ರ 92, ಸಮಾರಂಭಗಳ ಉಡುಗೊರೆ 50, ಮನೆಯ ಉಪಕರಣಗಳ ರಿಪೇರಿ 32. ಒಟ್ಟು 312.

ಬೋನಸ್ 360. ಅದು ಪ್ರತಿ ವರ್ಷ ಎಲ್ಲಿ ಕರಗುತ್ತಿತ್ತು ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿತು. ಈ ಬಿಲ್‌ಗಳನ್ನು ಬಂದಾಗ ಬಂದಾಗ ಕಾರ್ಡಿನಲ್ಲಿ ಕಂತು ಮಾಡಿಸಿ, ಬೋನಸ್ ಬಂದಾಗ ತೀರಿಸುವುದು ಅಭ್ಯಾಸವಾಗಿತ್ತು. ಅಂದರೆ ಬೋನಸ್ಸಿನ 312 ಪಾಲು ಬರುವ ಮೊದಲೇ ಖರ್ಚಾಗಿರುತ್ತಿತ್ತು. ಅದೇ 360ನ್ನು ಪೂರ್ತಿಯಾಗಿ ಪ್ರವಾಸದ ಲೆಕ್ಕಕ್ಕೂ ಬರೆದುಕೊಂಡಿದ್ದರು. ಒಂದೇ ಹಣಕ್ಕೆ ಎರಡು ಕೆಲಸ ಹೇಳಿದ್ದರು. ದಿನಕ್ಕೊಂದು ಕಾಫಿ ಬಿಟ್ಟರೆ ತುಂಬುವ ತೂತಲ್ಲ ಇದು.

ಕಾರು ವಿಮೆಯನ್ನು ತುರ್ತು ನಿಧಿಯಿಂದ ಏಕೆ ಕೊಡಬಾರದು ಎಂದು ಕೇಳಬಹುದು. ತಾರೀಖು ಗೊತ್ತಿರುವ ಖರ್ಚು ತುರ್ತಲ್ಲ. ಅದನ್ನು ತುರ್ತು ನಿಧಿಯಿಂದ ಕೊಡಲು ಶುರುಮಾಡಿದರೆ ನಿಜವಾದ ತುರ್ತಿಗೆ ಅಲ್ಲಿ ಏನೂ ಇರುವುದಿಲ್ಲ.

ಹೀಗಾಗಿ 312ನ್ನು ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 26 ಪಾಲು ‘ವರ್ಷದ ಬಿಲ್’ ಎಂಬ ಪ್ರತ್ಯೇಕ ಖಾತೆಗೆ ಕಳಿಸಲು ನಿರ್ಧರಿಸಿದರು. ಪ್ರವಾಸಕ್ಕೆ ಒಂದು ಪಾಲೂ ಹೋಗುವ ಮೊದಲು ಇದು. ಇಲ್ಲಿ ಒಂದು ತೊಡಕಿದೆ, ಬಹಳ ಜನ ಇದರಲ್ಲೇ ಎಡವುತ್ತಾರೆ. ನಾಲ್ಕನೇ ತಿಂಗಳಲ್ಲಿ ಶುರುವಾದ ಖಾತೆಯಲ್ಲಿ ಆರನೇ ತಿಂಗಳಿಗೆ ಸೇರುವುದು 78, ಆ ತಿಂಗಳು ಬರುವ ಶಾಲೆಯ ಬಿಲ್ 92. ಸರಾಸರಿ ಸರಿಯಿದ್ದರೂ ಮೊದಲ ವರ್ಷ ಖಾತೆ ಕೊರತೆಗೆ ಬೀಳುತ್ತದೆ. ಎಷ್ಟು ಕೊರತೆ ಬೀಳಬಹುದೆಂದು ತಿಳಿಯಲು ತಿಂಗಳುವಾರು ಎರಡು ಸಾಲು ಬರೆಯಬೇಕು: ಅಲ್ಲಿಯವರೆಗೆ ಸೇರುವ ಹಣ, ಅಲ್ಲಿಯವರೆಗೆ ಬರುವ ಬಿಲ್. ಇವೆರಡರ ವ್ಯತ್ಯಾಸ ಎಲ್ಲಿ ಅತಿ ಹೆಚ್ಚು ಕೊರತೆ ತೋರಿಸುತ್ತದೋ ಅಷ್ಟು ಹಣ ಮೊದಲೇ ಖಾತೆಯಲ್ಲಿರಬೇಕು. ಇವರಿಗೆ 14 ಸಾಕಿತ್ತು. ಮಗುವಿಗೆ ಚಿಕ್ಕದಾದ ಸೈಕಲ್ಲು, ಬಟ್ಟೆ ಒಣಹಾಕಲು ಮಾತ್ರ ಬಳಕೆಯಾಗುತ್ತಿದ್ದ ವ್ಯಾಯಾಮದ ಯಂತ್ರ ಎರಡನ್ನೂ ಮಾರಿದಾಗ 40 ಸಿಕ್ಕಿತು. ಉಡುಗೊರೆ, ರಿಪೇರಿಗಳಿಗೆ ತಾರೀಖು ಇಲ್ಲವಾದ್ದರಿಂದ ಎಲ್ಲವನ್ನೂ ಅಲ್ಲಿಯೇ ಬಿಟ್ಟರು. ಆರನೇ ತಿಂಗಳು ಶಾಲೆಯ ಬಿಲ್ ಬಂದಾಗ ಖಾತೆಯಲ್ಲಿ 118 ಇತ್ತು.

ಕಡಿತ, ಎರಡನೇ ಸಲ

ಈ ಸಲ ಕಡಿತವನ್ನು ಎರಡು ಬಗೆಯಾಗಿ ನೋಡಿದರು. ಒಮ್ಮೆ ಕೂತು ಬದಲಾಯಿಸಿದರೆ ಮತ್ತೆ ನೆನಪಿಡಬೇಕಿಲ್ಲದವು ಒಂದು ಬಗೆ, ದಿನದಿನವೂ ಮನಸ್ಸು ಗಟ್ಟಿ ಮಾಡಬೇಕಾದವು ಇನ್ನೊಂದು. ಮೊದಲ ಬಗೆಯಿಂದ ಶುರು.

ಫೋನ್–ಇಂಟರ್ನೆಟ್–ಚಂದಾ 34ರಿಂದ 19ಕ್ಕೆ ಇಳಿಯಿತು. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ಚಂದಾಗಳ ಪಟ್ಟಿ ಮಾಡಿದಾಗ ಏಳು ಸಿಕ್ಕವು. ಮೂರನ್ನು ಯಾರೂ ಬಳಸುತ್ತಿರಲಿಲ್ಲ, ಫೋಟೊ ಇಡುವ ಕ್ಲೌಡ್ ಜಾಗಕ್ಕೆ ಇಬ್ಬರೂ ಬೇರೆ ಬೇರೆ ಕಟ್ಟುತ್ತಿದ್ದರು. ಚಂದಾ ಹುಡುಕುವಾಗ ತಿಂಗಳ ಸ್ಟೇಟ್‌ಮೆಂಟ್ ಸಾಲದು. ವರ್ಷಕ್ಕೊಮ್ಮೆ ನವೀಕರಣವಾಗುವವು ಹನ್ನೆರಡು ತಿಂಗಳದ್ದರಲ್ಲಿ ಮಾತ್ರ ಕಾಣುತ್ತವೆ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಖಾತೆಯೊಳಗೆ ಹೋಗಿ ರದ್ದು ಮಾಡಬೇಕು. ಮೊಬೈಲ್ ಪ್ಲಾನ್ ಇಳಿಸುವ ಮೊದಲು ಮೂರು ತಿಂಗಳ ಡೇಟಾ ಬಳಕೆ ನೋಡಿದರು. ಕೊಳ್ಳುತ್ತಿದ್ದುದರ ಅರ್ಧವೂ ಬಳಕೆಯಾಗುತ್ತಿರಲಿಲ್ಲ.

ವಿದ್ಯುತ್–ಗ್ಯಾಸ್–ನೀರಿನಲ್ಲಿ ಸಿಕ್ಕಿದ್ದು 5 ಮಾತ್ರ. 60 ವಾಟ್‌ನ ಹಳೆಯ ಬಲ್ಬ್ ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯುನಿಟ್, ಅಷ್ಟೇ ಬೆಳಕಿಗೆ 9 ವಾಟ್ ಎಲ್‌ಇಡಿ ತಿನ್ನುವುದು 1.35 ಯುನಿಟ್. ಆದರೆ ಈ ಮನೆಯಲ್ಲಿ ಆಗಲೇ ಬಹುತೇಕ ಎಲ್‌ಇಡಿ ಇದ್ದವು, ಉಳಿದದ್ದು ನೀರು ಕಾಯಿಸುವ ಹೀಟರ್ ಒಂದೇ. ಇಡೀ ದಿನ ಆನ್ ಇರುತ್ತಿದ್ದುದನ್ನು ಸ್ನಾನಕ್ಕೆ ಮೊದಲು ಮಾತ್ರ ಹಾಕತೊಡಗಿದರು. ದೀಪ ಆರಿಸುವ ಬಗ್ಗೆ ಮನೆಯಲ್ಲಿ ಜಗಳ ಮಾಡುವಷ್ಟು ಹಣ ಇದರಲ್ಲಿಲ್ಲ.

ಓಡಾಟ 62ರಿಂದ 49ಕ್ಕೆ. ಪತ್ನಿಯ ಕಚೇರಿ ಪತಿಯ ದಾರಿಯಲ್ಲೇ ಇತ್ತು, ಸಮಯ ಮಾತ್ರ ಮುಕ್ಕಾಲು ಗಂಟೆ ಹೆಚ್ಚುಕಡಿಮೆ. ವಾರಕ್ಕೆ ಐದೂ ದಿನ ಒಟ್ಟಿಗೆ ಹೋಗುವ ಪ್ರಯತ್ನ ಎರಡೇ ವಾರದಲ್ಲಿ ಬೇಸರ ತಂದಿತು, ಮೂರು ದಿನಕ್ಕೆ ಇಳಿಸಿದ ಮೇಲೆ ಅಭ್ಯಾಸವಾಗಿ ಉಳಿಯಿತು.

ಇನ್ನು ಅಡುಗೆಮನೆ. ಹೆಚ್ಚು ಹಣ ಸಿಕ್ಕಿದ್ದು ಇಲ್ಲಿ, ಹೆಚ್ಚು ಶ್ರಮವೂ ಇಲ್ಲಿಯೇ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್, ಅದರಲ್ಲಿ 60% ಮನೆಗಳದ್ದೇ. ಆದ್ದರಿಂದ ಏನು ಕೊಳ್ಳುತ್ತೇವೆ ಎನ್ನುವ ಮೊದಲು ಏನು ಎಸೆಯುತ್ತೇವೆ ಎಂದು ನೋಡಲಾಯಿತು. ಎರಡು ವಾರ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಎಸೆದದ್ದು ಏನು, ಏಕೆ ಎಂದು ಬರೆದರು. ಮತ್ತೆ ಮತ್ತೆ ಬಂದವು ಮೂರು: ಸೊಪ್ಪು, ಫ್ರಿಜ್ಜಿನ ಹಿಂದಿನ ಸಾಲಿಗೆ ಸರಿದು ಮರೆತ ನಿನ್ನೆಯ ಅಡುಗೆ, ‘ಒಂದಕ್ಕೊಂದು ಉಚಿತ’ದ ಎರಡನೇ ಪೊಟ್ಟಣ. ದೊಡ್ಡ ಪ್ಯಾಕ್ ಕಿಲೋಗೆ 10% ಅಗ್ಗವಿದ್ದು, ಅದರಲ್ಲಿ 10% ಎಸೆದರೆ ತಿಂದದ್ದಕ್ಕೆ ಕೊಟ್ಟದ್ದು ಸಣ್ಣ ಪ್ಯಾಕಿನ ಬೆಲೆಯೇ. ಕೆಡದ ಧಾನ್ಯ, ಸೋಪಿನಂಥವನ್ನು ಬಿಟ್ಟು ಬೇರೆಲ್ಲಕ್ಕೂ ದೊಡ್ಡ ಪ್ಯಾಕ್ ನಿಲ್ಲಿಸಿದರು.

ವಾರದ ಅಡುಗೆಯ ಪಟ್ಟಿಯನ್ನು ತಲೆಕೆಳಗು ಮಾಡಿದ್ದು ಮತ್ತೊಂದು ಬದಲಾವಣೆ. ಏನು ಮಾಡಬೇಕೆಂದು ಬರೆದು ಸಾಮಾನು ತರುವ ಬದಲು, ಮನೆಯಲ್ಲಿ ಈಗಾಗಲೇ ಇರುವುದನ್ನು ಮೊದಲು ಬರೆದು ಅದರಿಂದ ಆಗುವ ಮೂರು ಅಡುಗೆಗಳನ್ನು ಪಟ್ಟಿಗೆ ಹಾಕಿ, ಉಳಿದ ದಿನಗಳಿಗೆ ಮಾತ್ರ ಕೊಳ್ಳುವುದು. ದಿನಸಿ ಎರಡು ತಿಂಗಳಲ್ಲಿ 150ರಿಂದ 126ಕ್ಕೆ ಬಂತು.

ಹೊರಗಿನ ಊಟವನ್ನು ಈ ಸಲ ಪೂರ್ತಿ ನಿಲ್ಲಿಸಲಿಲ್ಲ. ಹಳೆಯ ಆರ್ಡರ್‌ಗಳ ದಿನ, ವೇಳೆ ತೆಗೆದು ನೋಡಿದರೆ ಹೆಚ್ಚಿನವು ವಾರದ ಎರಡು ದಿನಗಳಲ್ಲೇ ಇದ್ದವು, ಇಬ್ಬರೂ ತಡವಾಗಿ ಮನೆ ಸೇರುವ ದಿನಗಳು. ಅಂದರೆ ಅದು ರುಚಿಯ ಆಸೆಯಲ್ಲ, ದಣಿವು. ದಣಿದವರಿಗೆ ಸಂಯಮ ಹೇಳಿ ಪ್ರಯೋಜನವಿಲ್ಲ, ಬಿಸಿ ಮಾಡಿ ತಿನ್ನುವಂಥದ್ದೇನಾದರೂ ಇರಬೇಕು. ಬಿಡುವಿನ ದಿನ ಒಂದು ಅಡುಗೆಯನ್ನು ಎರಡರಷ್ಟು ಮಾಡಿ, ಎರಡು ಗಂಟೆಯೊಳಗೆ ಚಿಕ್ಕ ಡಬ್ಬಿಗಳಲ್ಲಿ ತುಂಬಿ ಫ್ರೀಜರಿಗೆ ಹಾಕಿ, ಮೇಲೆ ತಾರೀಖು ಬರೆದರು. ಆ ಎರಡು ದಿನದ ಆರ್ಡರ್ ತಾನಾಗಿ ನಿಂತಿತು. ವಾರಾಂತ್ಯದ ಒಂದು ಹೊರಗಿನ ಊಟ ಉಳಿಯಿತು, ಅದನ್ನು ಮುಟ್ಟಲಿಲ್ಲ. 72 ಇದ್ದದ್ದು 44 ಆಯಿತು. ಮೊದಲ ತಿಂಗಳು ಸೊನ್ನೆಗೆ ಇಳಿಸಿದಾಗ ಬೇರೆ ದಾರಿಯಲ್ಲಿ ಸೋರಿದ್ದು ಈ ಸಲ ಸೋರಲಿಲ್ಲ.

ಬಟ್ಟೆ–ಆಟಿಕೆ–ಸಾಮಾನಿಗೆ ಮೂವತ್ತು ದಿನದ ಪಟ್ಟಿ: ಬೇಕೆನಿಸಿದ್ದನ್ನು ತಾರೀಖಿನೊಂದಿಗೆ ಬರೆಯುವುದು, ತಿಂಗಳಾದ ಮೇಲೂ ಬೇಕೆನಿಸಿದರೆ ಕೊಳ್ಳುವುದು. 48ರಿಂದ 36. ಚಿಲ್ಲರೆ ಖರ್ಚು 46ರ ಬದಲು, ಇಬ್ಬರಿಗೂ ತಲಾ 12 ಪಾಲು ಕೈಖರ್ಚು, ಮನೆಗೆ 10. ಕೈಖರ್ಚಿನ ಲೆಕ್ಕ ಒಬ್ಬರನ್ನೊಬ್ಬರು ಕೇಳುವಂತಿಲ್ಲ ಎಂಬ ಷರತ್ತು ಹಾಕಿಕೊಂಡರು. ಮೊದಲ ಮೂರು ತಿಂಗಳ ಕಿರಿಕಿರಿಯಲ್ಲಿ ದೊಡ್ಡ ಭಾಗ ಈ ಪ್ರಶ್ನೋತ್ತರವೇ ಆಗಿತ್ತು, ಆದ್ದರಿಂದ ಈ 24 ಪಾಲು ದುಬಾರಿಯಲ್ಲ ಎಂದೇ ನಮ್ಮ ಅಭಿಪ್ರಾಯ.

ಎಲ್ಲ ಸೇರಿ ಕಡಿತ 109. ಅದರಲ್ಲಿ 26 ವರ್ಷದ ಬಿಲ್ಲಿಗೆ, 83 ಪ್ರವಾಸಕ್ಕೆ.

ಹಣ ಸಾಗುವ ದಾರಿ

ಸಂಬಳ ‘ಬಿಲ್ ಖಾತೆ’ಗೆ ಬರುತ್ತದೆ, ಅಂದರೆ ತಿಂಗಳ ಬಿಲ್‌ಗಳನ್ನು ಕಟ್ಟುವ ಮುಖ್ಯ ಖಾತೆಗೆ; ‘ವರ್ಷದ ಬಿಲ್’ ಖಾತೆ ಬೇರೆ. ಅದೇ ದಿನ 26 ಮತ್ತು 83 ತಮ್ಮ ತಮ್ಮ ಖಾತೆಗಳಿಗೆ ಹೋಗುತ್ತವೆ, ಕೈಖರ್ಚಿನ 12 ಇಬ್ಬರಿಗೂ. ಬಾಡಿಗೆ, ಕಂತು, ಶಾಲೆ, ಪೆಟ್ರೋಲ್ ಇತ್ಯಾದಿ ಬಿಲ್ ಖಾತೆಯಿಂದಲೇ. ದಿನಸಿ 126, ಹೊರಗಿನ ಊಟ 44, ಬಟ್ಟೆ–ಸಾಮಾನು 36, ಮನೆಯ ಚಿಲ್ಲರೆ 10 ಸೇರಿ 216 ಪಾಲು ಮಾತ್ರ ದಿನವೂ ಕೈ ಹಾಕುವ ಹಣ. ಇದನ್ನು ವಾರಕ್ಕೆ 50ರಂತೆ ಪ್ರತಿ ಸೋಮವಾರ ಇನ್ನೊಂದು ಖಾತೆಗೆ ಹಾಕಿ, ಅದರ ಡೆಬಿಟ್ ಕಾರ್ಡ್ ಮಾತ್ರ ಜೇಬಿನಲ್ಲಿಟ್ಟುಕೊಂಡರು. ತಿಂಗಳ ಲೆಕ್ಕದಲ್ಲಿ ತಪ್ಪು 24ನೇ ತಾರೀಖಿಗೆ ಗೊತ್ತಾಗುತ್ತಿತ್ತು, ವಾರದ ಲೆಕ್ಕದಲ್ಲಿ ಶುಕ್ರವಾರಕ್ಕೆ ಗೊತ್ತಾಗುತ್ತದೆ. ಸೋಮವಾರವೇ ಏಕೆಂದರೆ, ಶುಕ್ರವಾರ ಹಾಕಿದರೆ ವಾರಾಂತ್ಯದಲ್ಲೇ ಅರ್ಧ ಮುಗಿದು ಮುಂದಿನ ದಿನಗಳಿಗೆ ಸಾಲುವುದಿಲ್ಲ.

ಇದರಲ್ಲೂ ಒಂದು ಕಡೆ ಕೈ ತಪ್ಪಿತು. ನಾಲ್ಕು ಸೋಮವಾರದ ತಿಂಗಳಲ್ಲಿ 200 ಮಾತ್ರ ಹೋಗುತ್ತದೆ, 16 ಬಿಲ್ ಖಾತೆಯಲ್ಲಿ ಉಳಿಯುತ್ತದೆ. ಐದು ಸೋಮವಾರದ ತಿಂಗಳಲ್ಲಿ 250 ಬೇಕು. ಉಳಿದ 16ನ್ನು ಹೆಚ್ಚುವರಿ ಎಂದು ತಿಳಿದು ಒಮ್ಮೆ ಖರ್ಚು ಮಾಡಿದರು, ಮುಂದಿನ ತಿಂಗಳು ಕೊನೆಯ ವಾರಕ್ಕೆ ಹಣ ಸಾಲಲಿಲ್ಲ. ಆಮೇಲೆ ಕ್ಯಾಲೆಂಡರಿನಲ್ಲಿ ಐದು ಸೋಮವಾರದ ತಿಂಗಳುಗಳಿಗೆ ಗೆರೆ ಎಳೆದಿಟ್ಟರು.

ಪ್ರವಾಸ ಖಾತೆಯನ್ನು ಬೇರೆ ಬ್ಯಾಂಕಿನಲ್ಲಿ, ಕಾರ್ಡ್ ಇಲ್ಲದೆ ತೆರೆದು, ಅದರ ಆ್ಯಪನ್ನು ಫೋನಿನಲ್ಲಿ ಇಟ್ಟುಕೊಳ್ಳಲಿಲ್ಲ. ಹಣ ತೆಗೆಯಲು ಸ್ವಲ್ಪ ತೊಂದರೆಯಾಗಲಿ ಎಂದೇ ಹೀಗೆ. ಹೆಚ್ಚು ಲಾಭ ಸಿಗಲೆಂದು ಷೇರಿಗೆ ಹಾಕುವ ಮಾತೂ ಬಂದಿತ್ತು. ಒಂದು ವರ್ಷದೊಳಗೆ, ಗೊತ್ತಾದ ತಾರೀಖಿಗೆ ಬೇಕಾದ ಹಣ ಅಲ್ಲಿರಬಾರದು.

ಪ್ರವಾಸದ ಬೆಲೆ

ಇಷ್ಟಾದರೂ 46ಕ್ಕೆ ಒಂಬತ್ತು ತಿಂಗಳ 83 ಸೇರಿದರೆ 793, ಬೋನಸ್ ಪೂರ್ತಿ ಬಂದರೆ 1153. ಗುರಿ 1440. ಇನ್ನೂ ಕಡಿತ ಮಾಡುವ ಬದಲು ಪ್ರವಾಸದ ಪಟ್ಟಿಯನ್ನೇ ಬಿಚ್ಚಿ ಕೂತರು. ಮೊದಲ ದಿನವೇ ಮಾಡಬೇಕಿದ್ದ ಕೆಲಸ ಇದು.

ರಜೆ ಶುರುವಾದ ವಾರ ಹೊರಡುವ ಬದಲು ರಜೆಯ ಕೊನೆಯ ಭಾಗಕ್ಕೆ, ವಾರದ ನಡುವಿನ ದಿನಕ್ಕೆ ಟಿಕೆಟ್ ನೋಡಿದಾಗ 560 ಇದ್ದದ್ದು 440 ಆಯಿತು. ನಾಲ್ಕು ಊರುಗಳ ಬದಲು ಎರಡೇ ಊರು, ಒಲೆ ಇರುವ ಕೋಣೆ: ವಸತಿ 270, ಊಟ 140, ಓಡಾಟ 70. ಪ್ರವೇಶ ಶುಲ್ಕ 60. ದಾಖಲೆ–ವಿಮೆಯ 60, ಕೈಕಾವಲಿನ 100 ಎರಡನ್ನೂ ಇಳಿಸಲಿಲ್ಲ. ಹೊಸ ಮೊತ್ತ 1140. ಒಂದು ಸಂಜೆಯ ಈ ಕೆಲಸ 300 ಪಾಲು ಇಳಿಸಿತು, ಅಂದರೆ ಪ್ರವಾಸ ಖಾತೆಗೆ ಮೂರೂವರೆ ತಿಂಗಳಿಗೂ ಹೆಚ್ಚು ಕಾಲ ಹೋಗುವ ಹಣದಷ್ಟು.

ಬೋನಸ್ ಬಾರದೇ ಹೋದರೆ ಏನು ಎಂಬುದನ್ನೂ ಆಗಲೇ ಬರೆದಿಟ್ಟರು: 347 ಪಾಲು ಕೊರತೆ, 83ರಂತೆ ಐದು ತಿಂಗಳು, ಅಂದರೆ ಪ್ರವಾಸ ಮುಂದಿನ ರಜೆಗೆ. ಆದ್ದರಿಂದ ಬೋನಸ್ ಕೈಗೆ ಬರುವವರೆಗೆ ಟಿಕೆಟ್ ಕೊಳ್ಳುವುದಿಲ್ಲ. ದಾಖಲೆಗಳನ್ನು ಮಾತ್ರ ಐದನೇ ತಿಂಗಳಲ್ಲೇ ನೋಡಿದರು. ಪ್ರವೇಶದ ದಿನದಿಂದ ಆರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕೆಂದು ಹಲವು ದೇಶಗಳು ಕೇಳುತ್ತವೆ. ಮಕ್ಕಳ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ ದೊಡ್ಡವರದಕ್ಕಿಂತ ಕಡಿಮೆ. ಇಲ್ಲೂ ಮಗುವಿನದನ್ನು ನವೀಕರಿಸಬೇಕಾಯಿತು.

ನಡೆದದ್ದು

ಏಳನೇ ತಿಂಗಳು ಮಗುವಿಗೆ ಹುಷಾರಿಲ್ಲದೆ ಎರಡು ವಾರ ಎಲ್ಲ ಏರುಪೇರಾಯಿತು. ಆ ತಿಂಗಳು ಪ್ರವಾಸಕ್ಕೆ ಹೋದದ್ದು 45. ಮುಂದಿನ ತಿಂಗಳು ಅದನ್ನೂ ಸೇರಿಸಿ ತುಂಬಿಬಿಡೋಣ ಎಂದುಕೊಂಡವರು, ಯೋಚಿಸಿ ಬಿಟ್ಟುಕೊಟ್ಟರು. 83ಕ್ಕೇ ಬಿಗಿಯಾಗಿದ್ದ ಮನೆಯಲ್ಲಿ 121 ಎಂದರೆ ಮತ್ತೆ ಕಾರ್ಡ್. ಬೋನಸ್ಸೂ ನಿರೀಕ್ಷಿಸಿದ 360 ಆಗಿರಲಿಲ್ಲ, 300 ಬಂತು. ಹನ್ನೆರಡನೇ ತಿಂಗಳ ಕೊನೆಗೆ ಕೂಡಿದ್ದು 1055, ಬೇಕಿದ್ದದ್ದು 1140.

ಆ 85ನ್ನು ಮನೆಯ ಖರ್ಚಿನಿಂದ ಹಿಂಡಲಿಲ್ಲ, ಪ್ರವಾಸದಿಂದಲೇ ತೆಗೆದರು. ಬೋನಸ್ ಬಂದ ಮೇಲೆ ಕೊಂಡ ಟಿಕೆಟ್ 415ಕ್ಕೆ ಸಿಕ್ಕಿ 25 ಉಳಿದಿತ್ತು. ಒಂದು ರಾತ್ರಿ ಕಡಿಮೆ ಮಾಡಿದ್ದರಿಂದ ವಸತಿಯಲ್ಲಿ 30, ಊಟದಲ್ಲಿ 14. ದುಬಾರಿ ಟಿಕೆಟ್ಟಿನ ಒಂದು ತಾಣ ಬಿಟ್ಟಿದ್ದರಿಂದ 16. ಕೈಕಾವಲಿನ 100ನ್ನು ಮುರಿಯುವುದು ಸುಲಭವಿತ್ತು. ಮುರಿಯದಿದ್ದದ್ದೇ ಸರಿ ಎಂದು ಅಲ್ಲಿ ಗೊತ್ತಾಯಿತು, ಏಕೆಂದರೆ ಅದರಲ್ಲಿ 62 ಖರ್ಚಾಯಿತು. ವಿದೇಶದಲ್ಲಿ ಕಾರ್ಡ್ ಬಳಸಿದ್ದಕ್ಕೆ ಬ್ಯಾಂಕ್ ಹಾಕುವ ಶುಲ್ಕವನ್ನು ಯಾವ ಪಟ್ಟಿಯಲ್ಲೂ ಬರೆದಿರಲಿಲ್ಲ. ಕಾರ್ಡ್ ಯಂತ್ರ ‘ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರಾ’ ಎಂದು ಕೇಳಿದಾಗ ಒಂದೆರಡು ಕಡೆ ಹೌದೆಂದು ಒತ್ತಿದ್ದರು. ಹಾಗೆ ಒತ್ತಿದರೆ ವಿನಿಮಯ ದರವನ್ನು ಅಂಗಡಿಯ ಕಡೆಯವರು ನಿಗದಿಮಾಡುತ್ತಾರೆ, ಅದು ಸಾಮಾನ್ಯವಾಗಿ ದುಬಾರಿ. ಯಾವಾಗಲೂ ಆ ದೇಶದ ಹಣವನ್ನೇ ಆರಿಸಬೇಕು. ಮಿಕ್ಕ 38 ಮನೆಗೆ ಮರಳಿತು. ಪ್ರವಾಸದ ಬಾಕಿ ಎಂದು ಕಾರ್ಡಿನಲ್ಲಿ ಏನೂ ಉಳಿಯಲಿಲ್ಲ.

ಆರು ತಿಂಗಳ ನಂತರ ನೋಡಿದಾಗ ಉಳಿದುಕೊಂಡ ಬದಲಾವಣೆಗಳು: ವರ್ಷದ ಬಿಲ್ ಖಾತೆ, ಚಂದಾಗಳ ಕಡಿತ, ಸೋಮವಾರದ 50, ಫ್ರೀಜರಿನ ಡಬ್ಬಿಗಳು. ಮೂವತ್ತು ದಿನದ ಪಟ್ಟಿ ಸಡಿಲಾಗಿತ್ತು. ಪತಿಯ ಕೆಲಸದ ವೇಳೆ ಬದಲಾಗಿ ಒಟ್ಟಿಗೆ ಹೋಗುವುದು ನಿಂತು, ಓಡಾಟ 58ಕ್ಕೆ ಏರಿತ್ತು. ದಿನವೂ ತೀರ್ಮಾನ ಬೇಡುವವು ಮೊದಲು ಕಳಚಿದವು, ಒಮ್ಮೆ ವ್ಯವಸ್ಥೆ ಮಾಡಿಟ್ಟವು ಉಳಿದುಕೊಂಡವು.

ಯಾರಿಗೆ ಹೊಂದುತ್ತದೆ, ಯಾರಿಗೆ ಇಲ್ಲ

ಇವರ ಆದಾಯದಲ್ಲಿ 45% ಕೈಯಾಡಿಸಬಹುದಾದ ಖರ್ಚಾಗಿತ್ತು, ಅದಕ್ಕೇ 109 ಸಿಕ್ಕಿತು. ಬಾಡಿಗೆ, ಕಂತುಗಳೇ ಆದಾಯದ ಮುಕ್ಕಾಲು ಪಾಲು ನುಂಗುವ ಮನೆಯಲ್ಲಿ ಅಡುಗೆಮನೆಯ ಲೆಕ್ಕ ಎಷ್ಟು ಬಿಗಿ ಮಾಡಿದರೂ ಇಷ್ಟು ಬರುವುದಿಲ್ಲ. ಅಲ್ಲಿ ಮೊದಲು ಕೈ ಹಾಕಬೇಕಾದ್ದು ಮನೆ, ವಾಹನ, ಸಾಲ. ಕಾರ್ಡಿನ ಬಾಕಿ ತಿಂಗಳಿಂದ ತಿಂಗಳಿಗೆ ಉರುಳುತ್ತಿದ್ದರೆ ಪ್ರವಾಸ ಖಾತೆಗೆ ಹಾಕುವ ಹಣವನ್ನು ಅದಕ್ಕೇ ಕಟ್ಟುವುದು ಲಾಭ. ಉಳಿತಾಯಕ್ಕೆ ಸಿಗುವ ಬಡ್ಡಿಗಿಂತ ಕಾರ್ಡಿನ ಬಡ್ಡಿ ಹಲವು ಪಟ್ಟು ಹೆಚ್ಚು. ಬಾಕಿ ಪೂರ್ತಿ ತೀರದಿರುವಾಗ ಬಹುತೇಕ ಕಾರ್ಡುಗಳಲ್ಲಿ ಹೊಸ ಖರೀದಿಗೂ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ.

ತಿಂಗಳು ತಿಂಗಳೂ ಒಂದೇ ಸಮನೆ ಆದಾಯವಿಲ್ಲದವರು ಸಂಬಳದ ದಿನದ ವರ್ಗಾವಣೆಯನ್ನು ಹೀಗೇ ನಕಲು ಮಾಡಲಾಗದು. ಕಳೆದ ಹನ್ನೆರಡು ತಿಂಗಳಲ್ಲಿ ಅತಿ ಕಡಿಮೆ ಬಂದ ತಿಂಗಳನ್ನು ಆಧಾರವಾಗಿಟ್ಟುಕೊಂಡು ಮನೆಖರ್ಚಿನ ಮಿತಿ ಹಾಕಿಕೊಳ್ಳಬೇಕು. ಅದಕ್ಕಿಂತ ಹೆಚ್ಚು ಬಂದ ತಿಂಗಳಲ್ಲಿ ಮೊದಲು ವರ್ಷದ ಬಿಲ್ ಖಾತೆಯ ಕೊರತೆ ತುಂಬಿ, ನಂತರ ಒಂದು ತಿಂಗಳ ಖರ್ಚನ್ನು ಬಿಲ್ ಖಾತೆಯಲ್ಲೇ ಮುಂಗಡವಾಗಿ ನಿಲ್ಲಿಸಿ, ಅದರ ಮೇಲೆ ಉಳಿದದ್ದನ್ನು ಮಾತ್ರ ಪ್ರವಾಸಕ್ಕೆ ಕಳಿಸಬೇಕು. ಹಾಗೆ ಮಾಡುವವರು ಹೊರಡುವ ತಿಂಗಳನ್ನು ಮೊದಲೇ ಗೊತ್ತುಮಾಡದೆ, ಖಾತೆಯಲ್ಲಿ ಮೊತ್ತದ ಮುಕ್ಕಾಲು ಭಾಗ ಸೇರಿದ ಮೇಲೆ ಟಿಕೆಟ್ ನೋಡಲು ಶುರುಮಾಡುವುದು ಸುರಕ್ಷಿತ.